ಎಲ್ಲರೂ ಅಕ್ಕನ ಬೆನ್ನನ್ನೇ ನೋಡಿದರು

ಅಕ್ಕನ ಬೆನ್ನು ಬಾಗಿದ್ದನ್ನು ಮೊದಲು ಕಂಡವಳು ಅವ್ವ. ಒಂದು ಸೋಮವಾರ ಬಚ್ಚಲಲ್ಲಿ ಅವಳ ತಲೆಗೆ ನೀರೆರೆಯುತ್ತಿದ್ದಾಗ ಅವ್ವನ ಕೈ ನಿಂತಿತು. ಅಕ್ಕನಿಗೆ ಆಗ ಹನ್ನೊಂದು ವರ್ಷ, ನನಗೆ ಎಂಟು. ನನ್ನ ಸರದಿಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದೆ. ಅವ್ವ ತಂಬಿಗೆಯನ್ನು ಕೆಳಗಿಟ್ಟು ಅಕ್ಕನ ಕುತ್ತಿಗೆಯಿಂದ ಸೊಂಟದವರೆಗೆ ಬೆರಳು ಎಳೆದಳು. ನೇರ ಇಳಿಯಬೇಕಾದ ಬೆರಳು ನಡುವೆ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಬಂದು ಸೊಂಟ ಸೇರಿತು. ಬಲಗಡೆಯ ಹೆಗಲೆಲುಬು ಮೊರದ ಅಂಚಿನಂತೆ ಎದ್ದು ನಿಂತಿತ್ತು.

"ನೆಟ್ಟಗ ಕುಂದರ ಬೇ," ಎಂದಳು ಅವ್ವ.

"ನೆಟ್ಟಗ ಕುಂತೀನಲ್ಲ," ಎಂದಳು ಅಕ್ಕ.

ಆ ದಿನದಿಂದ ಅವಳು ಸಾಯುವ ದಿನದವರೆಗೂ ನಮ್ಮ ಮನೆಯವರು, ಬಂಧುಗಳು, ಊರವರು ಅವಳ ಬೆನ್ನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಇದನ್ನು ಬರೆಯುವಾಗ ನನಗೆ ಎಪ್ಪತ್ತು ದಾಟಿದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಎಲ್ಲರೂ ಹೇಳಿದರು. ನನ್ನದು ಇಳಿದಿಲ್ಲ. ಇಳಿಯಲಿ ಎಂದು ನಾನು ಬೇಡಿಕೊಂಡವಳೂ ಅಲ್ಲ.

ನಾವು ಬಬಲೇಶ್ವರದವರು. ಅಪ್ಪನದು ಬೆಲ್ಲ, ಎಣ್ಣೆ, ಉಪ್ಪು ಮಾರುವ ಕಿರಾಣಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ನಾವಿಬ್ಬರು ಹೆಣ್ಣುಮಕ್ಕಳು ಮತ್ತು ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವನ ತವರು ತಿಕೋಟ. ಅಲ್ಲಿ ಅವಳ ಅಣ್ಣನಿದ್ದ, ನಮ್ಮ ಮಾಮಾ. ನಾಲ್ಕು ಜನ ಕೂತಲ್ಲಿ ಕೊನೆಯ ಮಾತು ತನ್ನದೇ ಆಗಬೇಕು ಎನ್ನುವ ಮನುಷ್ಯ. ಅಪ್ಪ ಮಾತೇ ಆಡದವನು. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪ ಆಡಬೇಕಾದ ಮಾತುಗಳನ್ನೂ ಮಾಮಾನೇ ಆಡಿ ಹೋಗುತ್ತಿದ್ದ.

ಬೆನ್ನು ಬಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅಕ್ಕ ಬೇರೆ ಮಕ್ಕಳಂತೆ ಇರಲಿಲ್ಲ. ಹತ್ತು ಹೆಜ್ಜೆ ಓಡಿದರೆ ಅವಳ ತುಟಿ ನೇರಳೆ ಹಣ್ಣು ತಿಂದಂತೆ ಆಗುತ್ತಿತ್ತು. ಉಗುರಿನ ಬುಡವೂ ಹಾಗೇ. ಬೆರಳ ತುದಿಗಳು ದುಂಡಗೆ ಉಬ್ಬಿಕೊಂಡಿದ್ದವು. ಆಡುತ್ತಾ ಆಡುತ್ತಾ ತಟ್ಟನೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಉಸಿರೆಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ತುಟಿಯ ಬಣ್ಣ ತಿರುಗುತ್ತಿತ್ತು. ಎದ್ದು ಮತ್ತೆ ಆಟಕ್ಕೆ ಬರುತ್ತಿದ್ದಳು. ಹಾಗೆ ಕೂರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೈ ತಾನೇ ಕಂಡುಕೊಂಡ ಉಪಾಯ ಅದು. ಓಣಿಯ ಮಕ್ಕಳು ಅವಳನ್ನು ಕುಕ್ಕರಗಾಲಿ ಎಂದು ಕರೆಯುತ್ತಿದ್ದರು. ಆಯಿ ಮೈಗಳ್ಳಿ ಎನ್ನುತ್ತಿದ್ದಳು.

ತುಟಿ ನೀಲಿಯಾದರೆ ಲಗ್ನ ನಿಲ್ಲುವುದಿಲ್ಲ. ಕೂತವಳನ್ನು ಬೈದು ಎಬ್ಬಿಸಬಹುದು. ಆದರೆ ಗೂನಿಯನ್ನು ಯಾರು ಮಾಡಿಕೊಳ್ಳುತ್ತಾರೆ? ನಮ್ಮ ಮನೆಯವರ ಕಣ್ಣು ತೆರೆದದ್ದು ಅಷ್ಟಕ್ಕಾಗಿ.

ಸುದ್ದಿ ಕೇಳಿ ಮಾಮಾ ತಿಕೋಟದಿಂದ ಚಕ್ಕಡಿ ಹೂಡಿಕೊಂಡು ಬಂದ. ಜೊತೆಗೆ ಮುರಿದ ಎಲುಬು ಕಟ್ಟುವ ಒಬ್ಬನನ್ನು ಕರೆತಂದಿದ್ದ. ಎತ್ತಿನ ಕಾಲು, ಮನುಷ್ಯರ ಕೈ, ಎಲ್ಲವನ್ನೂ ಕಟ್ಟುತ್ತಿದ್ದನಂತೆ. ಪಡಸಾಲೆಯಲ್ಲಿ ಅಕ್ಕನನ್ನು ಬಗ್ಗಿಸಿ ನಿಲ್ಲಿಸಿ, ಪೋಲಕದ ಮೇಲಿಂದಲೇ ಬೆನ್ನು ಒತ್ತಿ ನೋಡಿದ.

"ಹಸಿ ಎಲುಬೈತಿ. ತಿದ್ದಿದಂಗ ಬರ್ತೈತಿ," ಎಂದ. "ದಿನಾ ಮುಂಜಾನೆ ತೊಲಿಗೆ ಹಗ್ಗ ಕಟ್ಟಿ ಜೋತು ಬೀಳಸ್ರಿ. ಬಲಕ್ಕ ವಾಲೇತಲ್ಲ, ಎಡಗಡೆ ಭಾರ ಹಾಕ್ರಿ. ತುಂಬಿದ ಕೊಡ ಎಡ ಬಗಲಾಗ ಇಟ್ಟು ನಡಸ್ರಿ. ಎರಡ ವರ್ಷದಾಗ ನೆಟ್ಟಗ ಆಗ್ತಾಳ."

ಮಾಮಾ ಅಪ್ಪನ ಕಡೆ ತಿರುಗಿ, "ಕೇಳಿದ್ರಿಲ್ಲೋ?" ಎಂದ. ಅಪ್ಪ ತಲೆಯಾಡಿಸಿ ಅಂಗಡಿಗೆ ಹೋದ.

ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ದನದ ಕೊಟ್ಟಿಗೆಯ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜೋತಾಡಬೇಕು. ಆಯಿ ಎದುರಿಗೆ ಕೂತು ಜಪಮಣಿ ಎಣಿಸುವಳು. ಒಂದು ಸುತ್ತು ಮುಗಿಯುವವರೆಗೆ ಕೈ ಬಿಡುವಂತಿಲ್ಲ. ಅಂಗೈ ಸುಲಿದು ನೀರಾಡಿತು. ಅರಿಶಿಣ ಹಚ್ಚಿದರು, ಮತ್ತೆ ಜೋತಾಡಿಸಿದರು. ಆಮೇಲೆ ಬಾವಿ. ಸಿಹಿನೀರಿನ ಬಾವಿ ಊರ ಹೊರಗಿತ್ತು, ಮೆಟ್ಟಿಲಿಳಿದು ತುಂಬಿಕೊಳ್ಳಬೇಕು. ಅಲ್ಲಿಂದ ಎಡ ಬಗಲಲ್ಲಿ ಕೊಡ ಇಟ್ಟುಕೊಂಡು ಬರಬೇಕು. ಆಯಿ ನನ್ನನ್ನೂ ಅವಳ ಜೊತೆ ಕಳಿಸುತ್ತಿದ್ದಳು. ನೀರು ತರಲಿಕ್ಕಲ್ಲ, ಕಾವಲಿಗೆ.

"ದಾರ್ಯಾಗ ಕುಂತಳಂದ್ರ ಬಂದ ಹೇಳು. ಪುಠಾಣಿ ಕೊಡತೇನಿ," ಎಂದು ಹುರಿಗಡಲೆಯ ಆಸೆ ತೋರಿಸಿದ್ದಳು.

ನಾನು ಹೇಳಿದೆ. ಒಂದು ಸಲವಲ್ಲ, ಎಷ್ಟೋ ಸಲ. ಅಕ್ಕ ದಾರಿಯಲ್ಲಿ ಕೊಡ ಇಳಿಸಿ ಕೂತಾಗ ರಟ್ಟೆ ಹಿಡಿದು ಎಳೆದಿದ್ದೇನೆ. "ಒಂಚೂರ ತಡಿ ಬೇ, ಕಣ್ಣಿಗೆ ಕತ್ತಲಿ ಬರಾಕತ್ತೈತಿ," ಎಂದು ಅವಳು ಬೇಡಿಕೊಂಡಾಗ ನಿಂತು ನಕ್ಕಿದ್ದೇನೆ. ನಾನು ಮನೆಗೆ ಓಡಿ ಬಂದು ಹೇಳಿದರೆ ಆಯಿ ಅಕ್ಕ ತಂದ ನೀರನ್ನು ಅವಳ ಕಣ್ಣೆದುರೇ ಅಂಗಳಕ್ಕೆ ಸುರಿದು, "ಕುಂತ ತಂದ ನೀರ ಲೆಕ್ಕಕ್ಕಿಲ್ಲ, ಮತ್ತೊಂದು ತಾ," ಎಂದು ಖಾಲಿ ಕೊಡ ಕೊಡುತ್ತಿದ್ದಳು. ಸಿಹಿನೀರು ಅಂಗಳದ ಮಣ್ಣಲ್ಲಿ ಇಂಗುತ್ತಿತ್ತು. ನನ್ನ ಬಾಯಲ್ಲಿ ಪುಠಾಣಿ ಇರುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ಬೆನ್ನು ನೆಟ್ಟಗಾಗಲಿಲ್ಲ, ಇನ್ನೂ ತಿರುಚಿಕೊಂಡಿತು. ಒಂದು ದಿನ ಬಾವಿಯ ಮೆಟ್ಟಿಲಲ್ಲಿ ಅಕ್ಕ ಎಚ್ಚರ ತಪ್ಪಿ ಬಿದ್ದಳು. ಕೊಡ ಉರುಳಿ ನೀರಿಗೆ ಬಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅವಳನ್ನು ಎತ್ತಿ ತಂದಾಗ ಮುಖವೆಲ್ಲ ನೀಲಿಯಾಗಿತ್ತು. ಆಯಿ ಮೊದಲು ಕೇಳಿದ್ದು, "ಕೊಡ ಸಿಕ್ಕಿತೇನು?"

ಆಗ ವಿಜಾಪುರಕ್ಕೆ ಕರೆದೊಯ್ಯುವ ಮಾತು ಬಂತು. ಅವ್ವನನ್ನು ಬಿಟ್ಟು ನಾನು, ಅಕ್ಕ, ಅಪ್ಪ ಹೊರಟೆವು. ಮುಂದಾಳುತನಕ್ಕೆ ಮಾಮಾ ಬಂದ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಸರ್ವಿಸ್ ಮೋಟಾರಿನ ಹಿಂದೆ ಇದ್ದಲಿನ ಒಲೆ ಕಟ್ಟಿ, ಅದರ ಅನಿಲದಿಂದಲೇ ಓಡಿಸುತ್ತಿದ್ದರು. ಏರು ಬಂದಲ್ಲಿ ಮೋಟಾರು ಏದುಸಿರು ಬಿಟ್ಟು ನಿಲ್ಲುತ್ತಿತ್ತು, ಜನ ಇಳಿದು ನಡೆಯಬೇಕಿತ್ತು. ಕೂತಿರಲಿ ಎಂದು ಕ್ಲೀನರ್ ಅಕ್ಕನನ್ನು ನೋಡಿ ಹೇಳಿದ. ಮಾಮಾ ಒಪ್ಪಲಿಲ್ಲ. "ಎಲ್ಲಾರೂ ನಡೀತಾರ, ಈಕಿಗೇನು ದಾಡಿ?" ಎಂದು ಇಳಿಸಿದ. ಯಂತ್ರಕ್ಕೆ ಉಸಿರು ಹಿಡಿದಾಗ ಎಲ್ಲರೂ ಇಳಿದು ಅದಕ್ಕೆ ದಾರಿ ಬಿಟ್ಟರು. ಅಕ್ಕನಿಗೆ ಉಸಿರು ಹಿಡಿದಾಗ ಒಬ್ಬರೂ ನಿಲ್ಲಲಿಲ್ಲ.

ವಿಜಾಪುರ ಪೇಟೆಯ ಡಾಕ್ಟರು ಕೋಟು ಹಾಕಿದ್ದರು, ಕೊರಳಲ್ಲಿ ನಳಿಗೆ ಇತ್ತು. ಅಕ್ಕನ ತುಟಿಯನ್ನು ನೋಡಿದರು, ಉಗುರುಗಳನ್ನು ತಿರುಗಿಸಿ ನೋಡಿದರು. ಆ ಗಳಿಗೆ ನನಗೆ ಚೆನ್ನಾಗಿ ನೆನಪಿದೆ, ಅವರ ಹುಬ್ಬು ಗಂಟಾಯಿತು. ನಳಿಗೆಯನ್ನು ಕಿವಿಗೆ ಹಾಕಿಕೊಂಡು ಎದ್ದರು.

ಮಾಮಾ ನಡುವೆ ಬಂದ. "ಬೆನ್ನ ನೋಡ್ರಿ ಡಾಕ್ಟರ. ಎದಿಗೆ ಯಾಕ ಕೈ ಹಚ್ತೀರಿ? ಲಗ್ನದ ಹುಡುಗಿ ಐತಿ."

"ಎದಿ ಬಡಿತ ಕೇಳಬೇಕಾಗ್ತೈತಿ," ಎಂದರು ಡಾಕ್ಟರು.

"ಎದಿಗೆ ಏನೂ ಆಗಿಲ್ಲರಿ. ಆಗಿದ್ದು ಬೆನ್ನಿಗೆ."

ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಡಾಕ್ಟರು ನಳಿಗೆ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಔಷಧದ ಒಂದು ಸೀಸೆ ಬರೆದುಕೊಟ್ಟರು, ಬೆನ್ನಿಗೆ ಚರ್ಮದ ಪಟ್ಟಿ ಕಟ್ಟಿಸಿರಿ ಎಂದರು. ಮಾಮಾನ ಮೇಲಿರುವಷ್ಟೇ ಸಿಟ್ಟು ನನಗೆ ಆ ಮನುಷ್ಯನ ಮೇಲೂ ಇದೆ. ಮಾಮಾ ತಿಳಿಯದವನು. ಡಾಕ್ಟರಿಗೆ ತಿಳಿದಿತ್ತು. ಎದುರು ಮಾತು ಬಂದ ಕೂಡಲೇ ತಿಳಿದದ್ದನ್ನು ಮೇಜಿನ ಮೇಲಿಟ್ಟು ಮುಂದಿನ ರೋಗಿಯನ್ನು ಕರೆದರು.

ಅದೇ ಊರಿನ ಇಬ್ರಾಹಿಂಪುರ ಓಣಿಯಲ್ಲಿ ಟಾಂಗಾ ಕುದುರೆಗಳ ಪಟ್ಟಿ, ಜೀನು ಹೊಲಿಯುವ ಒಬ್ಬ ಮುದುಕನಿದ್ದ. ಅವನ ಹತ್ತಿರ ಅಕ್ಕನ ಕಂಕುಳಿಂದ ಸೊಂಟದವರೆಗೆ ಬರುವ ಪಟ್ಟಿ ಹೊಲಿಸಿದರು. ಎದುರಿಗೆ ಮೂರು ಬಕಲು. ಮುದುಕ ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದ. ಮಾಮಾ ಮುಂದೆ ಬಂದು ಇನ್ನೆರಡು ತೂತು ಬಿಗಿದ.

"ಕುದುರಿಗೂ ಇಷ್ಟ ಬಿಗಿ ಹಾಕೂದಿಲ್ಲರಿ ಸಾವುಕಾರ್ರ," ಎಂದ ಮುದುಕ. "ಉಸರ ಹ್ಯಾಂಗ ಬಿಡಬೇಕು ಕೂಸು?"

ಆ ಇಡೀ ವರ್ಷದಲ್ಲಿ ಅಕ್ಕನ ಉಸಿರಿನ ಬಗ್ಗೆ ಕೇಳಿದವನು ಅವನೊಬ್ಬನೇ.

ಪಟ್ಟಿ ಕಟ್ಟಿದ ಮೇಲೆ ಅಕ್ಕನಿಗೆ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಬಗ್ಗಿದರೆ ಚರ್ಮದ ಅಂಚು ಹೊಟ್ಟೆಗೆ ಕಚ್ಚುತ್ತಿತ್ತು. ದಣಿದಾಗ ಗೋಡೆಗೆ ಒರಗಿ ನಿಂತು, ಬಾಯಿ ತೆರೆದು, ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ಆಯಿಗೆ ಸಮಾಧಾನವಾಗಿತ್ತು. "ನೋಡು, ಈಗ ಕುಂದರೂ ಚಟ ಬಿಡ್ತು," ಎಂದು ಓಣಿಯವರಿಗೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಬೀಸುಕಲ್ಲಿನ ಮುಂದೆ ಅಕ್ಕ ಪಕ್ಕಕ್ಕೆ ವಾಲಿ ಬಿದ್ದಳು. ಕಣ್ಣು ಮೇಲೆ ಹೋಗಿದ್ದವು. ನಾನು ಚೀರಿದೆ. ಅವ್ವ ಒಳಗಿನಿಂದ ಈಳಿಗೆ ಹಿಡಿದೇ ಓಡಿಬಂದಳು, ಬದನೆಕಾಯಿ ಹೆಚ್ಚುತ್ತಿದ್ದಳು. ಬಿಗಿದ ಬಕಲು ಬಿಚ್ಚಲು ಬರಲಿಲ್ಲ. ಈಳಿಗೆಯಿಂದಲೇ ಚರ್ಮವನ್ನು ಕೊಯ್ದಳು. ಪಟ್ಟಿ ಬಿಟ್ಟುಕೊಂಡ ಕೂಡಲೇ ಅಕ್ಕನ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿದಳು. ಅವ್ವನಿಗೆ ಅದು ತಿಳಿದಿತ್ತು! ಮಗಳಿಗೆ ಯಾವುದರಿಂದ ಉಸಿರು ತಿರುಗುತ್ತದೆ ಎಂದು ಅವಳು ಎಷ್ಟೋ ವರ್ಷದಿಂದ ಕಂಡಿದ್ದಳು. ಹೇಳಿದ್ದರೆ ಯಾರು ಕೇಳುತ್ತಿದ್ದರು, ಅದು ಬೇರೆ ಮಾತು. ಆದರೆ ಅವಳು ಹೇಳಿರಲೂ ಇಲ್ಲ. ಅಕ್ಕ ಕಣ್ಣು ಬಿಟ್ಟ ಮೇಲೆ ಅವ್ವ ಆ ಚರ್ಮವನ್ನು ಒಲೆಗೆ ಹಾಕಿದಳು. ಮನೆ ತುಂಬ ನಾತ ಹಬ್ಬಿತು. ಆಯಿ ಬೈಯುತ್ತಲೇ ಇದ್ದಳು, ಅವ್ವ ಒಲೆ ಊದಿದಳು.

ಮುಂದಿನ ವಾರ ಇಬ್ರಾಹಿಂಪುರದ ಬಂಧುಗಳ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇದೆ ಎಂದು ಹೇಳಿ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಹೊರಟಳು. ಗಂಡಸರಿಲ್ಲದೆ ಅವಳು ಅಷ್ಟು ದೂರ ಹೋದದ್ದು ಅದೇ ಮೊದಲು. ತೊಟ್ಟಿಲ ಕಾರ್ಯ ಇದ್ದದ್ದು ನಿಜ. ಆದರೆ ನಾವು ಮೊದಲು ಹೋದದ್ದು ವಿಜಾಪುರದ ಹೆಂಗಸರ ದವಾಖಾನೆಗೆ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ಬಿಳಿ ಸೀರೆ, ಕೈಯಲ್ಲಿ ಬಳೆ ಇರಲಿಲ್ಲ, ಮಾತು ಬಿರುಸು.

ಅವರು ಬಾಗಿಲು ಹಾಕಿ, ಅಕ್ಕನ ಪೋಲಕ ಬಿಚ್ಚಿಸಿ, ಬೆನ್ನನ್ನು ಒಮ್ಮೆ ನೋಡಿದರು. ಆಮೇಲೆ ನಳಿಗೆಯನ್ನು ಎದೆಗೆ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. ಎಡಕ್ಕೆ, ಮೇಲಕ್ಕೆ, ಕಂಕುಳ ಹತ್ತಿರ, ಬೆನ್ನ ಹಿಂದೆ. ಹದಿನಾಲ್ಕು ವರ್ಷದಲ್ಲಿ ಅಕ್ಕನ ಎದೆಗೆ ಕಿವಿಗೊಟ್ಟವರು ಅವರೇ ಮೊದಲು.

"ದಣಿದಾಗ ಏನ ಮಾಡ್ತಾಳ?" ಎಂದು ಅವ್ವನನ್ನು ಕೇಳಿದರು.

"ಕುಂದರ್ತಾಳ್ರಿ ಬಾಯಾರ."

"ಹ್ಯಾಂಗ ಕುಂದರ್ತಾಳ?"

ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೋರಿಸಿದೆ. ಡಾಕ್ಟರು ನನ್ನನ್ನೇ ದಿಟ್ಟಿಸಿದರು.

"ಎಂದಿನಿಂದ ಹಿಂಗ?"

"ನಡ್ಯಾಕ ಕಲ್ತಾಗಿಂದ್ರಿ."

"ಬೆನ್ನ ಬಾಗಿದ್ದು?"

"ಈಗ ಮೂರ ವರ್ಷ ಆತ್ರಿ."

ಡಾಕ್ಟರು ನಳಿಗೆಯನ್ನು ಅವ್ವನ ಕಿವಿಗೆ ಹಾಕಿದರು. "ಕೇಳ್ರಿ. ನಿಮ್ಮ ಮಗಳ ಹೃದಯ." ಆಮೇಲೆ ನನ್ನ ಕಿವಿಗೂ ಹಾಕಿದರು. ಬಡಿತದ ಜೊತೆ, ಬಡಿತಕ್ಕಿಂತ ಜೋರಾಗಿ, ಗಾಳಿಗೆ ಜೋಳ ತೂರುವಾಗ ಬರುವಂಥ ಸರ್ರೆನ್ನುವ ಸದ್ದು. ಪ್ರತಿ ಬಡಿತಕ್ಕೂ ಅದೇ ಸದ್ದು. ಆ ಸದ್ದು ಅಷ್ಟು ವರ್ಷವೂ ನನ್ನ ಪಕ್ಕದಲ್ಲೇ ಒಂದೇ ಕೌದಿಯೊಳಗೆ ಮಲಗುತ್ತಿತ್ತು.

"ಇದು ಹುಟ್ಟತಾನ ಸರಿ ಇಲ್ಲ," ಎಂದರು. "ಹೃದಯದ ಒಳಗಿನ ಗ್ವಾಡ್ಯಾಗ ತೂತೈತಿ. ಕೆಟ್ಟ ರಕ್ತ, ಒಳ್ಳೆ ರಕ್ತ ಕೂಡಿ ಹರಿತಾವು. ಅದಕ್ಕ ತುಟಿ ನೀಲಿ. ಇಂಥಾ ಮಕ್ಕಳಿಗೆ ಬೆಳಿಯೂ ವಯಸ್ಸಿನಾಗ ಬೆನ್ನೂ ಬಾಗೂದುಂಟು. ನೀವು ಆಮ್ಯಾಲ ಬಂದಿದ್ದನ್ನ ಹಿಡಕೊಂಡು, ಹುಟ್ಟತಾ ಬಂದಿದ್ದನ್ನ ಬಿಟ್ಟೀರಿ. ಈಕಿಗೆ ಏನೇನು ಮಾಡಿಸೀರಿ?"

ಅವ್ವ ಒಂದೊಂದಾಗಿ ಹೇಳಿದಳು. ಜೋತಾಡುವುದು, ಕೊಡ, ಪಟ್ಟಿ. ಹೇಳುತ್ತ ಹೋದಂತೆ ಡಾಕ್ಟರ ಮುಖ ಕೆಂಪಾಯಿತು. "ವೈರಿಗಳೂ ಇಷ್ಟ ಲಕ್ಷ್ಯ ಕೊಟ್ಟ ಕೊಲ್ಲೂದಿಲ್ಲ," ಎಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಸಮಾಧಾನ ಹೇಳಲಿಲ್ಲ. ನಾನು ಅದಕ್ಕಾಗಿ ಅವರನ್ನು ಇವತ್ತಿಗೂ ಗೌರವಿಸುತ್ತೇನೆ.

"ಔಷಧ ಇಲ್ಲೇನ್ರಿ?" ಎಂದು ಅಕ್ಕನೇ ಕೇಳಿದಳು.

"ಇಲ್ಲವ್ವ. ಪರದೇಶದಾಗ ಇಂಥಾದ್ದಕ್ಕ ಈಗೀಗ ಕೊಯ್ದು ಏನೋ ಮಾಡಾಕತ್ತಾರಂತ ಓದೀನಿ. ನಮ್ಮ ಕಡೆ ಇನ್ನೂ ಬಂದಿಲ್ಲ. ಭಾರ ಹೊರಬ್ಯಾಡ. ಕುಂದರಬೇಕು ಅನ್ನಿಸಿದಾಗ ಕುಂದರು. ಯಾರ ಎಬ್ಬಿಸಿದ್ರೂ ಏಳಬ್ಯಾಡ." ಆಮೇಲೆ ಅವ್ವನಿಗೆ, "ಲಗ್ನ ಮಾಡಬ್ಯಾಡ್ರಿ. ಹೆರಿಗಿ ಈಕಿಗೆ ತಡಿಯೂದಿಲ್ಲ," ಎಂದರು. ಒಂದು ಚೀಟಿ ಬರೆದುಕೊಟ್ಟರು.

ಅಕ್ಕ ಆ ದಿನ ಅಳಲಿಲ್ಲ. ದವಾಖಾನೆಯ ಮೆಟ್ಟಿಲಿಳಿದು, ಬೀದಿಯ ನಡುವೆ, ಟಾಂಗಾಗಳು ಓಡಾಡುವಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನೂ ಅವ್ವನೂ ಅವಳ ಎರಡು ಕಡೆ ನಿಂತೆವು. ಟಾಂಗಾದವರು ಬೈದರು. ಅವಳು ತನಗೆ ಸಾಕೆನಿಸುವವರೆಗೂ ಏಳಲಿಲ್ಲ.

ಮನೆಗೆ ಬಂದು ಅವ್ವ ಎಲ್ಲವನ್ನೂ ಹೇಳಿದಳು. ಆಯಿ ನಂಬಲಿಲ್ಲ. ಅಪ್ಪ ಚೀಟಿ ತೆಗೆದುಕೊಂಡು ಮಡಿಸಿ ಕೋಟಿನ ಕಿಸೆಯಲ್ಲಿಟ್ಟ. ಮಾಮಾ ಬಂದಾಗ ಮಾತ್ರ ಮನೆ ರಣರಂಗವಾಯಿತು.

"ಆ ಲೇಡಿ ಡಾಕ್ಟರಿಗೆ ತನಗ ಲಗ್ನ ಆಗಿಲ್ಲ. ಅದಕ್ಕ ಮಂದಿ ಮಕ್ಕಳಿಗೂ ಬ್ಯಾಡ ಅಂತಾಳ," ಎಂದ. "ಈ ಚೀಟಿ ಸುದ್ದಿ ಹೊಸ್ತಿಲ ದಾಟಬಾರದು. ನಾ ಹೊನವಾಡದಾಗ ಒಂದ ಮನಿ ನೋಡೇನಿ."

"ಅಣ್ಣಾ, ಹೆರಿಗ್ಯಾಗ ಹೋಗ್ತಾಳಂದಾರ," ಎಂದಳು ಅವ್ವ.

"ಯಾವಾಕಿ ಹೋಗೂದಿಲ್ಲ? ಹೋದ್ರ ಮುತ್ತೈದಿಯಾಗಿ ಹೋಗ್ತಾಳ. ನಿನ್ನ ಮನ್ಯಾಗ ಗೂನಿಯಾಗಿ ಕುಂತ ಸಾಯೂದಕ್ಕಿಂತ ಚಲೋ ಅಲ್ಲೇನು?"

ಅಕ್ಕ ಬಾಗಿಲ ಹಿಂದೆ ನಿಂತು ಇದನ್ನು ಕೇಳಿದಳು. ನಾನೂ ಕೇಳಿದೆ. ಅಪ್ಪನೂ ಕೇಳಿದ. ಆಗಲೂ ಅವನ ಬಾಯಿ ತೆರೆಯಲಿಲ್ಲ. ಅಪ್ಪ ಕೆಟ್ಟವನಲ್ಲ. ಅಂಗಡಿಯಿಂದ ಬರುವಾಗ ಅಕ್ಕನಿಗೆಂದು ಬೆಲ್ಲದ ತುಣುಕು ತರುತ್ತಿದ್ದ, ಅವಳು ಮಲಗಿದ್ದರೆ ಎದ್ದು ಗಾಳಿ ಬೀಸುತ್ತಿದ್ದ. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಣ್ಣು ನೋಡುವ ಕಾರ್ಯ ತಿಕೋಟದಲ್ಲಿ, ಮಾಮಾನ ಮನೆಯಲ್ಲಿ ಎಂದು ಗೊತ್ತು ಮಾಡಿದರು. ಬಬಲೇಶ್ವರದಲ್ಲಾದರೆ ಯಾರಾದರೂ ಬಾಯಿಬಿಡುತ್ತಾರೆ, ತಿಕೋಟದಲ್ಲಿ ಅಕ್ಕನನ್ನು ಕಂಡವರು ಕಡಿಮೆ. ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ, ಅಕ್ಕನಿಗೆ ಹದಿನೈದು. ಮಾಮಾ ಸಿಂಪಿಗನಿಗೆ ಹೇಳಿ ಒಂದು ಕುಬಸ ಹೊಲಿಸಿದ್ದ. ಎಡಗಡೆಯ ಹೆಗಲಿನೊಳಗೆ ಅರಳೆಯ ಗಂಟು ತುಂಬಿ, ಬಲಗಡೆಯ ಉಬ್ಬಿಗೆ ಸರಿದೂಗುವಂತೆ ಮಾಡಿದ್ದರು. ಮೇಲೆ ಇಳಕಲ್ಲ ಸೀರೆ, ಹೊದ್ದ ಸೆರಗು. ಮಾಮಿ ಅವಳ ತುಟಿಗೆ ಎಲೆ ಅಡಿಕೆ ಹಾಕಿಸಿ ಕೆಂಪು ಮಾಡಿದಳು, ನೀಲಿ ಕಾಣದಿರಲೆಂದು. ಈ ಉಪಾಯ ಹೊಳೆದವರಿಗೆ ತುಟಿ ನೀಲಿ ಎಂದು ತಿಳಿದೇ ಇತ್ತಲ್ಲ!

ಹೊನವಾಡದಿಂದ ವರನ ತಾಯಿ, ಚಿಕ್ಕಪ್ಪ, ಇನ್ನಿಬ್ಬರು ಬಂದರು. ವರ ಬಂದಿರಲಿಲ್ಲ. ಅಕ್ಕ ಚಹಾದ ತಟ್ಟೆ ಹಿಡಿದು ಬಂದು, ಎಲ್ಲರಿಗೂ ಕೊಟ್ಟು, ಚಾಪೆಯ ಮೇಲೆ ಕೂತಳು. ನಾನು ಅವ್ವನ ಜೊತೆ ಬಾಗಿಲಲ್ಲಿದ್ದೆ, ಅಪ್ಪ ಮಾಮಾನ ಪಕ್ಕ ಕೂತಿದ್ದ. ವರನ ತಾಯಿ ಗಟ್ಟಿಮುಟ್ಟಾದ ಹೆಂಗಸು, ಕಣ್ಣು ಚುರುಕು.

"ರೊಟ್ಟಿ ಬಡೀತಿ?"

"ಬಡೀತೀನ್ರಿ."

"ನಮ್ಮ ಬಾವಿ ದೂರ ಐತಿ. ನೀರ ಹೊರತೀಯಲ್ಲ?"

ಮಾಮಾ ನಗುತ್ತ, "ಬಬಲೇಶ್ವರದಾಗ ಎರಡ ವರ್ಷ ದಿನಾ ಹೊತ್ತಾಳ್ರಿ," ಎಂದ.

"ಹೊತ್ತೀನ್ರಿ," ಎಂದಳು ಅಕ್ಕ. ದನಿ ಗಟ್ಟಿಯಾಗಿತ್ತು. "ಇನ್ನ ಹೊರೂದಿಲ್ಲ. ನನ್ನ ಹೃದಯದಾಗ ತೂತೈತ್ರಿ. ವಿಜಾಪುರದ ಡಾಕ್ಟರು ಚೀಟಿ ಕೊಟ್ಟಾರ. ಲಗ್ನ ಆದ್ರ ಹೆರಿಗ್ಯಾಗ ಸಾಯ್ತೀನಂತ. ನಿಮಗ ಯಾರೂ ಹೇಳಿಲ್ಲ ಅಂತ ನಾ ಹೇಳಾಕತ್ತೀನಿ."

ಮಾಮಾ ಎದ್ದು ನಿಂತ. "ಹುಚ್ಚಿ, ಏನೇನೋ ಒದರ್ತಾಳ್ರಿ..."

ಅಕ್ಕ ಸೆರಗು ಸರಿಸಿ, ಕುಬಸದ ಹೆಗಲೊಳಗೆ ಕೈ ಹಾಕಿ, ಆ ಅರಳೆಯ ಗಂಟನ್ನು ಎಳೆದು ತೆಗೆದು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟಳು. ಎಡ ಹೆಗಲು ಕುಸಿಯಿತು, ಬಲಗಡೆಯ ಬೆನ್ನು ಎದ್ದು ಕಂಡಿತು.

ವರನ ತಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಅಕ್ಕನನ್ನು ಅವಳು ಬೈಯಲಿಲ್ಲ. ಮಾಮಾನ ಕಡೆ ತಿರುಗಿ, "ಸಾಯೂ ಹುಡುಗೀನ ನನ್ನ ಮನಿಗೆ ದಾಟಸಾಕ ನಿಂತಿದ್ರೇನ್ರಿ? ಹೆಣಾ ನಾವು ಎತ್ತಬೇಕಿತ್ತೇನು?" ಎಂದಳು. ಮಾಮಾನಿಗೆ ಹಾಗೆ ಯಾರೂ ಅಂದಿರಲಿಲ್ಲ, ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಆ ಮಾತು ಅಕ್ಕನ ಎದುರಿಗೇ ಬಂತು. ಹೆಣ ಎಂದದ್ದು ಹದಿನೈದು ವರ್ಷದ, ಕಣ್ಣೆದುರು ಕೂತಿರುವ ಹುಡುಗಿಗೆ. ಅವಳ ಮುಖವನ್ನು ಒಮ್ಮೆಯಾದರೂ ನೋಡದೆ ಆ ಹೆಂಗಸು ಎದ್ದು ಹೋದಳು.

ಹೊನವಾಡದವರ ಚಕ್ಕಡಿ ಓಣಿ ದಾಟಿದ ಮೇಲೆ ಮಾಮಾ ಅಕ್ಕನ ಮೇಲೆ ಕೈ ಎತ್ತಿದ. ಅವ್ವ ನಡುವೆ ನಿಂತಳು.

"ಕೈ ಇಳಸ ಅಣ್ಣಾ."

"ನನ್ನ ಮಾನ ಕಳದಾಳ!"

"ಆಕಿ ಜೀವಾ ನೀ ಕಳ್ಯಾಕ ನಿಂತಿದ್ದಿ. ಕೈ ಇಳಸ."

ಮಾಮಾ ಕೈ ಇಳಿಸಿದ. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ. ಅವ್ವ ಮತ್ತೆಂದೂ ತುಳಿಯಲಿಲ್ಲ. ಅಪ್ಪ ಚಕ್ಕಡಿ ಹೂಡಿದ, ನಾವು ಆ ಮಧ್ಯಾಹ್ನವೇ ಬಬಲೇಶ್ವರದ ದಾರಿ ಹಿಡಿದೆವು.

ಆಮೇಲೆ ಅಕ್ಕ ಒಂದೂವರೆ ವರ್ಷ ಬದುಕಿದಳು. ಅವಳು ದೇವತೆಯಂತೆ ಎಲ್ಲವನ್ನೂ ಕ್ಷಮಿಸಿ ಬದುಕಿದಳು ಎಂದು ಯಾರೂ ತಿಳಿಯಬಾರದು. ಅವಳಿಗೆ ಬಾಯಿ ಬಂದಿತ್ತು. ಆಯಿ ಒಂದು ಮಾತೆಂದರೆ ನಾಲ್ಕು ತಿರುಗಿ ಕೊಡುತ್ತಿದ್ದಳು. "ಕುಂತೀನಿ, ಏನ ಮಾಡ್ತಿ?" ಎಂದು ಆಯಿಯ ಎದುರಿಗೇ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಕಟ್ಟೆಯ ಮೇಲೆ ಕೂತು ಓಣಿಯ ಹುಡುಗಿಯರಿಗೆ ಅಕ್ಷರ ತಿದ್ದಿಸುತ್ತಿದ್ದಳು, ತಪ್ಪಿದರೆ ಬೆರಳ ಗಂಟಿಗೆ ಹೊಡೆಯುತ್ತಿದ್ದಳು. ಹುಡುಗಿಯರು ಹೆದರುತ್ತಿದ್ದರು, ಆದರೂ ಬರುತ್ತಿದ್ದರು.

ಒಂದು ದಿನ ಶೇಂಗಾ ಸುಲಿಯುತ್ತ ಕೂತಿದ್ದಾಗ ನಾನು ಆ ಪುಠಾಣಿಯ ಮಾತೆತ್ತಿದೆ. ತಪ್ಪಾಯಿತು ಎಂದೆ. ಅವಳು ಕೈಯಲ್ಲಿದ್ದ ಶೇಂಗಾ ಸುಲಿದು ಮೊರಕ್ಕೆ ಹಾಕಿದಳು.

"ನಿನ್ನ ಮ್ಯಾಲೆ ಭಾಳ ಸಿಟ್ಟಿತ್ತು ನನಗ. ಒಮ್ಮೆ ಬಾವ್ಯಾಗ ನೂಕಬೇಕಂತ ಮಾಡಿದ್ದೆ," ಎಂದಳು. "ಆದ್ರ ನೀ ಸಣ್ಣಾಕಿ ಇದ್ದಿ. ಅವರು ದೊಡ್ಡವರಿದ್ರು. ಅವರಿಗೆ ಹೋಗಬೇಕಾದ ಸಿಟ್ಟು ನಿನಗ ಯಾಕ ಹಾಕಲಿ?"

"ಹಂಗಾರ ಈಗ ಸಿಟ್ಟಿಲ್ಲೇನು?"

"ಐತಿ. ಸ್ವಲ್ಪ ಐತಿ," ಎಂದು ನನ್ನ ತಲೆಗೆ ಒಂದು ಏಟು ಕೊಟ್ಟಳು. ಜೋರಾಗಿಯೇ ಕೊಟ್ಟಳು.

ಅವಳು ಹೋದದ್ದು ಮಳೆಗಾಲದ ಮೊದಲಲ್ಲಿ, ಹಗಲು ಹೊತ್ತಿನಲ್ಲಿ. ಊಟವಾದ ಮೇಲೆ 'ದಣಿವಾಗೈತಿ' ಎಂದು ಪಡಸಾಲೆಯ ಗೋಡೆಯ ಹತ್ತಿರ ಕೂತಳು. ಎಂದಿನಂತೆ ಮೊಣಕಾಲ ಮೇಲೆ ತಲೆ ಇಟ್ಟಳು. ನಾವು ಯಾರೂ ಎಬ್ಬಿಸಲಿಲ್ಲ, ಎಬ್ಬಿಸಬಾರದು ಎಂದು ಕಲಿತಿದ್ದೆವು. ಹುಡುಗಿಯರು ಪಾಟಿ ಹಿಡಿದು ಬಂದು ಕರೆದಾಗಲೂ ತಲೆ ಎತ್ತಲಿಲ್ಲ. ಆಗ ನಮಗೆ ತಿಳಿಯಿತು.

ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು. "ಪಾಪ, ಗೂನಿ ಹೋದ್ಲು." "ಬೆನ್ನ ಆಕೀನ ತಿಂತು." ಮಾಮಾನೂ ಬಂದಿದ್ದ. "ಆ ಪಟ್ಟಿ ಬಿಚ್ಚಬಾರದಿತ್ತು," ಎಂದು ಯಾರಿಗೋ ಹೇಳುತ್ತಿದ್ದ. ನನಗೆ ಆಗ ಹದಿನಾಲ್ಕು. ಎದ್ದು ಹೋಗಿ ಅವನ ಮುಖಕ್ಕೆ ಉಗುಳಬೇಕು ಅನ್ನಿಸಿತು. ಉಗುಳಲಿಲ್ಲ. ಆ ಒಂದು ವಿಷಯಕ್ಕೆ ನನಗೆ ನನ್ನ ಮೇಲೆ ಇಂದಿಗೂ ಬೇಸರವಿದೆ.

ಮೂರನೆಯ ದಿನ ಅಪ್ಪ ಚಾವಡಿಗೆ ಹೋಗಿ ಸಾವನ್ನು ಬರೆಸಬೇಕಿತ್ತು. ನಾನೂ ಹಿಂದೆಯೇ ಹೋದೆ. ಹುಡುಗಿಯರು ಚಾವಡಿ ಹತ್ತುವ ರೂಢಿ ಇರಲಿಲ್ಲ, ಯಾರೋ ತಡೆಯಲು ನೋಡಿದರು. ದಾಖಲೆ ಬರೆಯುವವನು ಕೇಳುವ ಮೊದಲೇ ಕಾಲಂ ತುಂಬಿಸಿದ್ದ. ನಾನು ಬಗ್ಗಿ ಓದಿದೆ, ಅಕ್ಷರ ಕಲಿಸಿದವಳು ಅಕ್ಕನೇ. ಸಾವಿನ ಕಾರಣ: ಜ್ವರ.

"ಆಕಿಗೆ ಜ್ವರಾ ಬಂದಿದ್ದಿಲ್ಲರಿ," ಎಂದೆ.

"ಎಲ್ಲಾರಿಗೂ ಹಂಗ ಬರಿತೀವವ್ವ."

"ಈಕಿಗೆ ಹಂಗ ಬರಿಬ್ಯಾಡ್ರಿ. ಹೃದಯದ ಬ್ಯಾನಿ ಅಂತ ಬರೀರಿ."

"ಗೂನಿ ಅಲ್ಲೇನು ನಿಮ್ಮಕ್ಕ? ಬೇಕಾದ್ರ ಬೆನ್ನಿನ ಬ್ಯಾನಿ ಅಂತ ಬರಿತೀನಿ, ತಗೋ," ಎಂದು ಆತ ನಕ್ಕ. ಚಾವಡಿಯಲ್ಲಿದ್ದ ಇಬ್ಬರು ಮೂವರು ನಕ್ಕರು.

ಆಗ ಅಪ್ಪ ಕೋಟಿನ ಕಿಸೆಗೆ ಕೈ ಹಾಕಿ ಆ ಚೀಟಿ ತೆಗೆದ. ಮಡಿಕೆಗಳಲ್ಲಿ ಹರಿದಿತ್ತು. ಆತನ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದ.

"ನನ್ನ ಮಗಳು ಹೇಳೂದು ಖರೆ ಐತಿ. ಹೃದಯದ ಬ್ಯಾನಿ. ಹಂಗ ಬರೀರಿ. ಬರದ ಹೊರತು ನಾವು ಏಳೂದಿಲ್ಲ."

ಅಪ್ಪನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಗುತ್ತಿದ್ದವರು ನಿಲ್ಲಿಸಿದರು. ಬರೆಯುವವನು ಜ್ವರವನ್ನು ಹೊಡೆದು ಹಾಕಿ ಮೇಲೆ ಬರೆದ. ನಾನು ಓದಿ ನೋಡಿದೆ, ಸರಿಯಾಗಿತ್ತು.

ಇಬ್ಬರೂ ಮನೆಗೆ ನಡೆದೆವು. ದಾರಿಯಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ. ನಾನು ಆ ಕೈಯನ್ನು ತೆಗೆದುಬಿಟ್ಟೆ. ಆ ದನಿ ಡಾಕ್ಟರ ಕೋಣೆಯಲ್ಲಿ ಬೇಕಿತ್ತು, ಬಾವಿಯ ದಾರಿಯಲ್ಲಿ ಬೇಕಿತ್ತು. ಸತ್ತವಳ ಕಾಲಂ ತುಂಬುವಾಗ ಬಂತು. ಅಪ್ಪ ಒಂದು ಹೆಜ್ಜೆ ಹಿಂದೆ ಉಳಿದು, ಮನೆಯವರೆಗೂ ನನ್ನ ಹಿಂದೆಯೇ ನಡೆದು ಬಂದ.